ಬೆಲೆ ಬಲ್ಲ ಮೊಯ್ದಿನಾಕ

ಕತಾರಿನ ಲುಸೈಲಿನಲ್ಲಿರುವ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ನೀರಿನ ಕ್ಯಾನ್ ತರುವ ಪಿಕಪ್ಪೊಂದು ರಿವರ್ಸ್ ಬರುತ್ತಾ ನನ್ನ ಕಾರಿನ ಹಿಂದಿನ ದೀಪವನ್ನು ಪುಡಿ ಮಾಡದೇ ಇದ್ದಿದ್ದರೆ ನನಗೆ ಮೊಯ್ದಿನ್ ಕುಂಞಿಯವರ ಪರಿಚಯವೇ ಆಗುತ್ತಿರಲಿಲ್ಲ. ಆ ಡ್ರೈವರನಿಗೆ ಅವತ್ತು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಸಿಕ್ಕಿದರೆ ಅಪ್ಪಿಕೊಳ್ಳುತ್ತೇನೆ.

ಕಾರು ಕೊಂಡು ಆಗ ಎರಡೇ ತಿಂಗಳು. ಅಮೆರಿಕದಿಂದ ಹಡಗಿನಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಗಾಡಿ. ಅದೇ ಮಾಡೆಲ್, ಅದೇ ವರ್ಷದ್ದು, ಇಲ್ಲಿನ ಶೋರೂಮಿನಿಂದ ಇಳಿದದ್ದಾದರೆ ಇನ್ನೂ ಕಾಲು ಪಾಲು ಹೆಚ್ಚು ಕೊಡಬೇಕಿತ್ತು. ನಾನು ಮಹಾ ಜಾಣನ ಹಾಗೆ ಆಫೀಸಿನಲ್ಲಿ ಕಂಡಕಂಡವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗುತ್ತಿದ್ದೆ. ದೀಪ ಒಡೆದ ಮೇಲೆ ನಾಲ್ಕು ಅಂಗಡಿ ಸುತ್ತಿದೆ. ದೀಪ ಎಲ್ಲ ಕಡೆ ಇತ್ತು, ನನ್ನ ಕಾರಿಗೆ ಕೂರುವ ದೀಪ ಎಲ್ಲಿಯೂ ಇರಲಿಲ್ಲ. ಐದನೆಯದು ಇಂಡಸ್ಟ್ರಿಯಲ್ ಏರಿಯಾದ ಒಂದು ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿ. ಕಾರು ಎದುರು ನಿಲ್ಲಿಸಿ ಒಳಗೆ ಕಾಲಿಡುವಷ್ಟರಲ್ಲಿ, ಕೌಂಟರಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತಿದ್ದ ಕುಳ್ಳಗಿನ ಮನುಷ್ಯರೊಬ್ಬರು ಗಾಜಿನ ಬಾಗಿಲಿನಾಚೆ ನೋಡಿ ಹಿಂದಿಯಲ್ಲಿ ಹೇಳಿದರು, "ಅಮೆರಿಕದ ಮಾಲು."

ಹೇಗೆ ಗೊತ್ತಾಯಿತು ಎಂದು ನಾನೂ ಹಿಂದಿಯಲ್ಲೇ ಕೇಳಿದೆ. ನನ್ನ ಹಿಂದಿ ಕಿವಿಗೆ ಬಿದ್ದದ್ದೇ ತಡ, ಅವರ ಮುಖ ಅರಳಿತು.

"ನಿಮಗೆ ಊರು ಎಲ್ಲಿ ಮಾರ್ರೆ? ಬೆಳ್ತಂಗಡಿಯಾ, ಮೂಡಬಿದ್ರೆಯಾ?"

"ವೇಣೂರು. ಯಜ್ಞೇಶ್ ಅಂತ."

"ನನ್ನದು ವಿಟ್ಲ. ಮೊಯ್ದಿನ್ ಕುಂಞಿ. ಬನ್ನಿ, ತೋರಿಸ್ತೇನೆ." ನನ್ನ ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ, ಒಡೆಯದೆ ಉಳಿದಿದ್ದ ಎಡಗಡೆಯ ದೀಪಕ್ಕೆ ಬೆರಳಿಟ್ಟರು. "ಇಂಡಿಕೇಟರ್ ಹಾಕಿ ನೋಡುವ. ಕಂಡಿತಾ? ಕೆಂಪು. ಇಲ್ಲಿಯ ಗಾಡಿಗೆ, ಯುರೋಪಿನ ಗಾಡಿಗೆ ಹಳದಿ ಇರ್ತದೆ. ಅಮೆರಿಕದವರಿಗೆ ಮಾತ್ರ ಕೆಂಪಾದರೂ ಆಗ್ತದೆ. ನೀವು ಅಗ್ಗಕ್ಕೆ ತಗೊಂಡಿದ್ದೀರಿ, ಸಂತೋಷ. ರೇಡಿಯೇಟರ್ ಸಣ್ಣದು, ಜುಲೈಯಲ್ಲಿ ಎಸಿ ಅಳ್ತದೆ. ಒಂದು ಸಲ ಎಲ್ಲಿಯೋ ಗುದ್ದಿದ್ದೂ ಉಂಟು, ಇಲ್ಲಿ ಪೇಂಟ್ ನೋಡಿ. ಬೇಜಾರು ಮಾಡ್ಬೇಡಿ. ಒಳ್ಳೆ ಗಾಡಿಯೇ."

ಎರಡು ನಿಮಿಷದಲ್ಲಿ ನನ್ನ ಎರಡು ತಿಂಗಳ ಜಾಣತನ ಖಲಾಸ್. ಆದರೆ ಗೋದಾಮಿನ ಅಟ್ಟಕ್ಕೆ ಹತ್ತಿ, ಅರ್ಧ ಗಂಟೆ ಹುಡುಕಿ, ನನ್ನ ಕಾರಿಗೆ ಸರಿಯಾಗಿ ಕೂರುವ ಕೆಂಪು ದೀಪವನ್ನು ಬನಿಯನ್ ತುಂಬಾ ಧೂಳು ಮಾಡಿಕೊಂಡು ತಂದುಕೊಟ್ಟವರೂ ಅವರೇ. ಅವತ್ತಿನಿಂದ ಅವರು ನನಗೆ ಮೊಯ್ದಿನಾಕ, ಅಂದರೆ ಮೊಯ್ದಿನಣ್ಣ, ಆದರು. ವಾರಕ್ಕೊಮ್ಮೆಯಾದರೂ ಏನಾದರೊಂದು ನೆಪ ಹೇಳಿ ಆ ಅಂಗಡಿಗೆ ಹೋಗುವುದು ನನಗೆ ಅಭ್ಯಾಸವಾಯಿತು. ವೈಪರ್ ಬ್ಲೇಡೇ ನಾಲ್ಕು ಜೊತೆ ಕೊಂಡಿದ್ದೇನೆ.

ಮೊಯ್ದಿನಾಕ ಕತಾರಿಗೆ ಬಂದದ್ದು ಇಪ್ಪತ್ತನೇ ವಯಸ್ಸಿನಲ್ಲಿ. ಓದಿದ್ದು ಎಂಟನೇ ಕ್ಲಾಸು. ಮೊದಲ ನಾಲ್ಕು ವರ್ಷ ಅದೇ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು, ಆಮೇಲೆ ಕೌಂಟರಿಗೆ ಬಂದರು, ಮೂವತ್ತು ವರ್ಷವಾದರೂ ಅಲ್ಲೇ ಇದ್ದಾರೆ. ಅವರ ಇಂಗ್ಲಿಷ್ ಪೂರಾ ಪೆಟ್ಟಿಗೆಗಳ ಮೇಲೆ ಅಚ್ಚಾದ ಅಕ್ಷರಗಳಿಂದ ಮತ್ತು ಕ್ಯಾಟಲಾಗಿನಿಂದ ಬಂದದ್ದು. ಮಂಡಿನೋವು ಎಂದು ಒಮ್ಮೆ ಡಾಕ್ಟರ ಹತ್ತಿರ ಹೋದಾಗ "ರೈಟ್ ಸೈಡ್ ಲೋವರ್ ಜಾಯಿಂಟ್, ನಾಯ್ಸ್ ಕಮಿಂಗ್, ರಿಪ್ಲೇಸ್ ನಾಟ್ ನೆಸೆಸರಿ, ಓನ್ಲಿ ಗ್ರೀಸ್" ಅಂದರಂತೆ. ಡಾಕ್ಟರು ನಕ್ಕು ಸುಸ್ತಾಗಿ ಫೀಸು ಬೇಡವೆಂದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ ಸಾರಮ್ಮ. ಹೇಳುವಾಗ ಆಕೆಯೂ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಆದರೆ ಅವರಿಗೊಂದು ಹುಚ್ಚು ಇತ್ತು. ಅಂಗಡಿಗೆ ಯಾರೇ ಬರಲಿ, ಪಾರ್ಟ್ ನಂಬರ್ ಕೇಳಿದ ಮೇಲೆ ಮೂರು ಪ್ರಶ್ನೆ ಕೇಳಿಯೇ ಬಿಡುವರು. ಗಾಡಿ ಎಲ್ಲಿ ತಗೊಂಡಿರಿ? ಎಷ್ಟು ಕೊಟ್ಟಿರಿ? ತೆರಿಗೆ ಒಳಗಾ ಹೊರಗಾ? ಟೆಕ್ಸಾಸಿನಲ್ಲಿ ಏನು ರೇಟು, ಮ್ಯೂನಿಕ್ಕಿನಲ್ಲಿ ಏನು, ಕೋಪನ್‌ಹೇಗನ್ನಿನಲ್ಲಿ ಯಾಕೆ ತಲೆ ತಿರುಗುತ್ತದೆ, ಎಲ್ಲ ಅವರ ತಲೆಯಲ್ಲೇ ಇತ್ತು. ಆ ಊರುಗಳಲ್ಲಿ ಒಂದನ್ನೂ ಅವರು ಕಂಡವರಲ್ಲ.

ಈ ಹುಚ್ಚು ಹಿಡಿದದ್ದು ಒಂದು ಬೈಗುಳದಿಂದ. ಇಪ್ಪತ್ತು ವರ್ಷಕ್ಕೂ ಹಿಂದೆ ಯಾರೋ ಒಬ್ಬ ಗಿರಾಕಿ, ಅಮೆರಿಕದ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದ ಕಾಗದ ಹಿಡಿದುಕೊಂಡು ಬಂದು, ಅಲ್ಲಿ ಹೆಡ್‌ಲೈಟಿಗೆ ಇಷ್ಟೇ ಬೆಲೆ, ನೀನು ಕಳ್ಳ ಎಂದು ಹತ್ತು ಜನರ ಎದುರು ಕೂಗಿದನಂತೆ. ಬೆಲೆ ಹಾಕುವುದು ಮೊಯ್ದಿನಾಕ ಅಲ್ಲ. ಆದರೂ ಉತ್ತರ ಕೊಡಲು ಅವರಿಗೆ ಮಾತು ಸಿಗಲಿಲ್ಲ. ಯಾಕೆ ವ್ಯತ್ಯಾಸ ಎಂದು ಅವರಿಗೇ ಗೊತ್ತಿರಲಿಲ್ಲ. "ಆ ದಿನ ಊಟ ಸೇರ್ಲಿಲ್ಲ ಮಾರ್ರೆ," ಎಂದಿದ್ದರು ನನ್ನ ಹತ್ತಿರ. "ಕಳ್ಳ ಅಂದದ್ದಕ್ಕಲ್ಲ. ಅಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗ್ಲಿಲ್ವಲ್ಲ, ಅದಕ್ಕೆ."

ಮಾರನೆಯ ದಿನದಿಂದ ಕೇಳಲು ಶುರು ಮಾಡಿದವರು ಆಮೇಲೆ ನಿಲ್ಲಿಸಲಿಲ್ಲ.

ಕಳೆದ ವರ್ಷ ನವೆಂಬರಿನಲ್ಲಿ ಒಂದು ಗುರುವಾರ ಸಂಜೆ ನಾನು ಐದನೇ ಜೊತೆ ವೈಪರ್ ನೋಡುತ್ತಾ ನಿಂತಿದ್ದಾಗ ಇಬ್ಬರು ಒಳಗೆ ಬಂದರು. ಒಬ್ಬರು ಬೆಳ್ಳಿಕೂದಲಿನ ಅಮೆರಿಕನ್ ಮೇಡಂ, ಇನ್ನೊಬ್ಬರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಜರ್ಮನ್. ಇಬ್ಬರೂ ದೋಹಾದ ಒಂದೇ ಯೂನಿವರ್ಸಿಟಿಯಲ್ಲಿ ಮೇಷ್ಟರು. ಆಕೆ ಮಾರ್ಕೆಟಿಂಗ್ ಪಾಠ ಮಾಡುವವರು, ಆತ ಇಂಜಿನಿಯರಿಂಗ್. ತಮಾಷೆಯೆಂದರೆ ಇಬ್ಬರದ್ದೂ ಒಂದೇ ಮಾಡೆಲ್ ಜರ್ಮನ್ ಕಾರು. ಆಕೆ ಅಮೆರಿಕದಲ್ಲಿ ಕೊಂಡು ಇಲ್ಲಿಗೆ ತರಿಸಿದ್ದು, ಆತ ಜರ್ಮನಿಯಲ್ಲಿ ಕೊಂಡು ತರಿಸಿದ್ದು. ಆಕೆಗೆ ಹಿಂದಿನ ದೀಪ ಬೇಕಿತ್ತು.

ಮೊಯ್ದಿನಾಕ ತಮ್ಮ ಮೂರು ಪ್ರಶ್ನೆ ಕೇಳಿದರು. ಮೇಡಂ, ನಲವತ್ತಾರು ಸಾವಿರ ಡಾಲರ್ ಎಂದರು. ಜರ್ಮನ್ ಸರ್ ಗೋಣು ತಿರುಗಿಸಿ, ಐವತ್ತೈದು ಸಾವಿರ ಯೂರೋ ಎಂದರು.

"ನಿಮ್ಮ ದೇಶದಲ್ಲೇ ಮಾಡಿದ ಕಾರು!" ಮೇಡಂ ನಗಲು ಶುರು ಮಾಡಿದರು. "ಸಮುದ್ರ ದಾಟಿ ನನ್ನ ಹತ್ತಿರ ಬಂದದ್ದು ನಿಮ್ಮದಕ್ಕಿಂತ ಅಗ್ಗವಾ?"

"ಸಾಧ್ಯವೇ ಇಲ್ಲ," ಎಂದರು ಸರ್. ಅವರ ಕಿವಿ ಕೆಂಪಾಗಿತ್ತು. "ನಿಮಗೆ ನೆನಪು ತಪ್ಪಿರಬೇಕು."

"ನನಗೆ ನೆನಪು ತಪ್ಪುವುದಿಲ್ಲ!"

ಇಬ್ಬರೂ ಫೋನ್ ತೆಗೆದು ಹಳೆಯ ಬಿಲ್ಲು ಹುಡುಕಲು ತೊಡಗಿದರು. ಮೊಯ್ದಿನಾಕ ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ಎರಡು ಕೈಯನ್ನೂ ಕೌಂಟರಿನ ಮೇಲಿಟ್ಟು, ಮದುವೆ ಮಾತುಕತೆಯ ಹಿರಿಯರ ಹಾಗೆ ಗಂಟಲು ಸರಿಮಾಡಿಕೊಂಡರು.

"ಸರ್ ಪ್ರೈಸ್, ಟ್ಯಾಕ್ಸ್ ವಿದ್ ಅಸೆಂಬ್ಲಿ," ಎಂದರು. "ಮೇಡಂ ಪ್ರೈಸ್, ಟ್ಯಾಕ್ಸ್ ಸೋಲ್ಡ್ ಸೆಪರೇಟ್ಲಿ."

ಅಷ್ಟೇ. ಜರ್ಮನಿಯಲ್ಲಿ ಶೋರೂಮಿನ ಬೆಲೆಚೀಟಿಯಲ್ಲಿ ನೂರಕ್ಕೆ ಹತ್ತೊಂಬತ್ತು ತೆರಿಗೆ ಒಳಗೇ ಕೂತಿರುತ್ತದೆ. ಅಮೆರಿಕದಲ್ಲಿ ಚೀಟಿಯಲ್ಲಿ ಬರೀ ಕಾರಿನ ಬೆಲೆ, ತೆರಿಗೆ ಬಿಲ್ಲಿನ ಬಾಲದಲ್ಲಿ ಬಂದು ಸೇರುತ್ತದೆ, ಅದೂ ರಾಜ್ಯಕ್ಕೊಂದು ರೀತಿ. ಮೇಡಂ ಟೆಕ್ಸಾಸಿನವರು. ಬಿಲ್ಲಿನ ಕೊನೆಯ ಸಾಲು ನೋಡಿ "ಓ" ಎಂದರು. ಸರ್ ತಮ್ಮ ಬೆಲೆಯಿಂದ ತೆರಿಗೆ ಕಳೆದು ನೋಡಿದರು. ನಲವತ್ತಾರು ಸಾವಿರ ಚಿಲ್ಲರೆ ಬಂತು. ಅವರ ಕಿವಿ ನಿಧಾನವಾಗಿ ಬಿಳಿಯಾಯಿತು.

"ಆದರೂ ಯೂರೋ ದೊಡ್ಡದು, ಡಾಲರ್ ಸಣ್ಣದು," ಎಂದರು ಮೇಡಂ ಬಿಡದೆ. "ಇನ್ನೂ ವ್ಯತ್ಯಾಸ ಉಳಿಯಿತಲ್ಲ?"

"ಉಂಟು," ಎಂದರು ಮೊಯ್ದಿನಾಕ. "ಅದಕ್ಕೆ ಇನ್ನೂ ನಾಲ್ಕು ಕಾರಣ ಉಂಟು. ಹೇಳ್ಲಿಕ್ಕೆ ಒಂದು ಗಂಟೆ ಬೇಕು. ಈಗ ಹಿಂದೆ ಆರು ಜನ ಕ್ಯೂ ನಿಂತಿದ್ದಾರೆ, ಮೇಡಂ."

ಆರು ಜನವೂ ಒಂದೇ ಸ್ವರದಲ್ಲಿ, ಪರವಾಗಿಲ್ಲ ಹೇಳಿ ಎಂದರು.

ಮೇಡಂ ಮೊಯ್ದಿನಾಕರನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಕಾರ್ಡ್ ತೆಗೆದು ಕೌಂಟರಿನ ಮೇಲಿಟ್ಟು, ಆ ಒಂದು ಗಂಟೆಯನ್ನು ನನ್ನ ವಿದ್ಯಾರ್ಥಿಗಳಿಗೆ ಕೊಡಿ ಎಂದರು. ಮುಂದಿನ ಬುಧವಾರ, ಬೆಳಿಗ್ಗೆ ಹತ್ತಕ್ಕೆ.

ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಮೊಯ್ದಿನಾಕ ಗಿರಾಕಿಗೆ ತಪ್ಪು ಪಾರ್ಟ್ ಕೊಟ್ಟದ್ದು ಅವತ್ತು. ದೀಪ ಕೇಳಿದ ಮೇಡಮ್ಮಿಗೆ ಏರ್ ಫಿಲ್ಟರ್ ಕಟ್ಟಿ ಕಳಿಸಿದ್ದರು.

ಶುಕ್ರವಾರ ಅಲ್ ವಕ್ರಾದ ಅವರ ಮನೆಗೆ ನನ್ನನ್ನು ಊಟಕ್ಕೆ ಕರೆದರು. ಊಟ ಅನ್ನುವುದು ನೆಪ, ಧೈರ್ಯ ಹೇಳುವವರು ಬೇಕಿತ್ತು. ಮಗಳು ನಶೀದಾ ಅಲ್ಲೇ ಹತ್ತಿರದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ.

"ಉಪ್ಪ, ನಾನು ಸ್ಲೈಡ್ಸ್ ಮಾಡ್ತೇನೆ," ಎಂದಳು ಆಕೆ ಅಪ್ಪನಿಗೆ. "ಗ್ರಾಫ್ ಹಾಕುವ. ಒಳ್ಳೆ ಲುಕ್ ಬರ್ತದೆ."

"ಗ್ರಾಫ್ ನೋಡಿ ನನಗೇ ಹೆದರಿಕೆ ಆಗ್ತದೆ," ಎಂದರು ಮೊಯ್ದಿನಾಕ. ಕೋಳಿ ಗಸಿಯ ಎದುರು ಕೂತವರು ರೊಟ್ಟಿಯನ್ನು ಮುರಿಯುತ್ತಿದ್ದರೇ ಹೊರತು ಬಾಯಿಗೆ ಹಾಕುತ್ತಿರಲಿಲ್ಲ. "ಯಜ್ಞೇಶ್, ನೀವೇ ಹೋಗಿ ಬನ್ನಿ ಮಾರ್ರೆ. ನಿಮ್ಮದು ಡಿಗ್ರಿ ಆಗಿದೆ. ನಾನು ಎಲ್ಲ ಹೇಳಿಕೊಡ್ತೇನೆ. ನನ್ನದು ಎಂಟನೇ ಕ್ಲಾಸು. ಅಲ್ಲಿ ಕೂತುಕೊಳ್ಳುವ ಮಕ್ಕಳ ಫೀಸು ಎಷ್ಟು ಗೊತ್ತುಂಟಾ?"

ಅಡುಗೆಮನೆಯಿಂದ ಸಾರಮ್ಮ ಹೊರಗೆ ಬಂದರು, ಕೈಯಲ್ಲಿ ಸೌಟು.

"ಇಪ್ಪತ್ತು ವರ್ಷದಿಂದ ದಿನಾ ನನ್ನ ತಲೆ ತಿಂದಿದ್ದೀರಲ್ಲ, ಆಗ ಡಿಗ್ರಿ ಎಲ್ಲಿತ್ತು?" ಎಂದರು. "ಅಮೆರಿಕದಲ್ಲಿ ಕೆಂಪು ದೀಪ, ಯುರೋಪಿನಲ್ಲಿ ಹಳದಿ. ಯುರೋಪಿನ ಗಾಡಿಗೆ ಹಿಂದೆ ಮಂಜಿನ ದೀಪ ಬೇಕೇ ಬೇಕು, ಅಮೆರಿಕಕ್ಕೆ ಬೇಡ. ಅಲ್ಲಿ ತಿಂಗಳ ಕೊನೆಗೆ ರೇಟು ಇಳೀತದೆ. ಡೆನ್ಮಾರ್ಕಿನವರ ಕತೆ ಬೇರೆ. ಮತ್ತೆ ಎಂತ ಉಂಟು ಹೇಳ್ಲಿಕ್ಕೆ? ನನಗೆ ಹೇಳಿದ್ದನ್ನೇ ಅಲ್ಲಿ ಹೇಳಿ ಬನ್ನಿ. ಆ ಮಕ್ಕಳಾದರೂ ಮಧ್ಯದಲ್ಲಿ ಎದ್ದು ಮೀನು ತೊಳೀಲಿಕ್ಕೆ ಹೋಗುವುದಿಲ್ಲ."

ನಶೀದಾ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಮೊಯ್ದಿನಾಕ ಹೆಂಡತಿಯನ್ನೇ ಬಾಯಿ ತೆರೆದು ನೋಡುತ್ತಿದ್ದರು. ಇಷ್ಟು ವರ್ಷ ಆಕೆ ಕೇಳಿಸಿಕೊಳ್ಳುತ್ತಿದ್ದಳು ಎಂದು ಅವರಿಗೆ ಗೊತ್ತೇ ಇರಲಿಲ್ಲ.

"ನೀನೂ ಬಾ ಹಾಗಾದರೆ," ಎಂದರು ಕೊನೆಗೆ.

ಬುಧವಾರ ನಾನು ರಜೆ ಹಾಕಿ ನನ್ನ ಕಾರಿನಲ್ಲಿ ಎಲ್ಲರನ್ನೂ ಕರೆದುಕೊಂಡು ಹೋದೆ. ಡಿಕ್ಕಿಯಲ್ಲಿ ನಾಲ್ಕು ಹಿಂದಿನ ದೀಪ, ಒಂದು ಸ್ಪೀಡೋಮೀಟರ್, ಎರಡು ರೇಡಿಯೇಟರ್. ಮೊಯ್ದಿನಾಕ ಹೊಸ ಶರ್ಟ್ ಹಾಕಿ, ಮಗಳು ಕಟ್ಟಿದ ಟೈಯನ್ನು ದಾರಿಯುದ್ದಕ್ಕೂ ಎಳೆದೆಳೆದು ಅರ್ಧ ಹೊಟ್ಟೆಗೆ ಇಳಿಸಿಕೊಂಡಿದ್ದರು. ಯೂನಿವರ್ಸಿಟಿಯ ಬಾಗಿಲಲ್ಲಿ ಸೆಕ್ಯೂರಿಟಿಯವನು ರೇಡಿಯೇಟರ್ ಹೊತ್ತ ನನ್ನನ್ನು ನೋಡಿ, ಎಸಿ ರಿಪೇರಿಯವರು ಹಿಂದಿನ ಗೇಟಿನಿಂದ ಬರಬೇಕು ಎಂದ. ನಾನು ಕೆಲಸ ಮಾಡುವುದು ಎಸಿ ಕಂಪನಿಯಲ್ಲೇ ಆದ್ದರಿಂದ ನನಗೆ ಬೇಜಾರಾಗಲಿಲ್ಲ. ಆದರೆ ನಶೀದಾ ಮುಂದೆ ಬಂದು, "ಹೀ ಈಸ್ ದ ಗೆಸ್ಟ್ ಸ್ಪೀಕರ್!" ಎಂದು ಅಪ್ಪನ ಕಡೆ ಕೈ ತೋರಿಸಿದಳು. ಮೊಯ್ದಿನಾಕ ಅವನಿಗೆ ಕೈಮುಗಿದು, ಹೌದು, ನಾನೇ, ಎಂತ ಮಾಡುವುದು, ಎಂದರು.

ಕ್ಲಾಸಿನೊಳಗೆ ಕಾಲಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಅರವತ್ತು ಮಕ್ಕಳು. ಮೊದಲ ಸಾಲಿನಲ್ಲಿ ಜರ್ಮನ್ ಸರ್. ಅವರ ಪಕ್ಕದಲ್ಲಿ ಅರಬರ ಬಿಳಿ ನಿಲುವಂಗಿ ತೋಬು ಹಾಕಿ, ಊದಿನ ಪರಿಮಳ ಬೀರುತ್ತಾ ಕೂತವರನ್ನು ನೋಡಿ ಮೊಯ್ದಿನಾಕ ಬಾಗಿಲಲ್ಲೇ ನಿಂತುಬಿಟ್ಟರು. ಅಂಗಡಿಯ ಮಾಲೀಕರು! ರಜೆ ಕೇಳಿದಾಗ "ಯಲ್ಲಾ, ಹೋಗು" ಎಂದವರು, ಕುತೂಹಲ ತಡೆಯಲಾರದೆ ತಾವೂ ಬಂದು ಕೂತಿದ್ದರು.

ಮೇಡಂ ಪರಿಚಯ ಮಾಡಿದರು. ಮೊಯ್ದಿನಾಕ ಮೈಕಿನ ಎದುರು ನಿಂತರು. "ಗುಡ್ ಮಾರ್ನಿಂಗ್" ಎಂದರು. ಆಮೇಲೆ ಏನೂ ಇಲ್ಲ. ಹತ್ತು ಸೆಕೆಂಡ್. ಇಪ್ಪತ್ತು ಸೆಕೆಂಡ್. ಟೈ ಎಳೆದರು. ಕನ್ನಡಕ ಹಣೆಗೆ ಏರಿಸಿದರು, ಇಳಿಸಿದರು. ಹಿಂದೆ ಯಾರೋ ಕೆಮ್ಮಿದರು.

ಆಗ ಎರಡನೇ ಸಾಲಿನಿಂದ ಸಾರಮ್ಮ ಎದ್ದರು. ಯಾರನ್ನೂ ಕೇಳಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ಪೆಟ್ಟಿಗೆಯಿಂದ ಒಂದು ಕೆಂಪು ದೀಪ ತೆಗೆದು ಗಂಡನ ಕೈಯಲ್ಲಿಟ್ಟು, "ಇದು ಎಂತ ಹೇಳಿ," ಎಂದರು. ಮೈಕಿನಲ್ಲಿ ಅದು ಇಡೀ ಹಾಲಿಗೆ ಕೇಳಿಸಿತು.

ದೀಪ ಕೈಗೆ ಬಂದದ್ದೇ ಮೊಯ್ದಿನಾಕರ ಬೆನ್ನು ನೆಟ್ಟಗಾಯಿತು. ಈಗ ಅವರು ಕೌಂಟರಿನಲ್ಲಿದ್ದರು.

"ಟೇಲ್ ಲ್ಯಾಂಪ್, ಲೆಫ್ಟ್ ಹ್ಯಾಂಡ್, ಯುಎಸ್ಎ ಟೈಪ್," ಎಂದರು. ಆಮೇಲೆ ಒಂದು ಗಂಟೆ ಅವರನ್ನು ಹಿಡಿಯುವವರು ಇರಲಿಲ್ಲ.

ಅವರ ಇಂಗ್ಲಿಷನ್ನು ನಾನು ಇಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದೇನೆ. ಸಕ್ಕರೆ ಒಂದು ಊರಿನಲ್ಲಿ ಅಗ್ಗ, ಪಕ್ಕದೂರಿನಲ್ಲಿ ದುಬಾರಿ ಇದ್ದರೆ ಯಾರಾದರೂ ಲಾರಿಯಲ್ಲಿ ತುಂಬಿಸಿ ತಂದು ಮಾರ್ತಾರೆ, ನಾಲ್ಕು ದಿನದಲ್ಲಿ ಎರಡೂ ಕಡೆ ರೇಟು ಒಂದೇ ಆಗ್ತದೆ ಎಂದರು. ಕಾರು ಹಾಗಲ್ಲ. ಎರಡು ದೀಪ ಎತ್ತಿ ಹಿಡಿದರು. ಕಾರು ಒಂದೇ, ಕಾನೂನು ಎರಡು. ಇಲ್ಲಿ ಕೆಂಪು ನಡೀತದೆ, ಅಲ್ಲಿ ಹಳದಿಯೇ ಆಗಬೇಕು. ಮುಂದಿನ ದೀಪದ ಬೆಳಕು ಬೀಳುವ ರೀತಿ ಬೇರೆ, ಸ್ಪೀಡೋಮೀಟರಿನಲ್ಲಿ ಮೈಲು ಬೇರೆ, ಹೊಗೆಯ ಪರೀಕ್ಷೆ ಬೇರೆ, ಗುದ್ದಿಸಿ ನೋಡುವ ಪರೀಕ್ಷೆ ಬೇರೆ. ಕಂಪನಿಗೆ ಎರಡು ಅಚ್ಚು, ಎರಡು ಪರೀಕ್ಷೆಯ ಖರ್ಚು. ಅಷ್ಟೇ ಅಲ್ಲ, ಅಮೆರಿಕದಲ್ಲಿ ಅಗ್ಗ ಅಂತ ಅಲ್ಲಿಂದ ತಂದು ಜರ್ಮನಿಯಲ್ಲಿ ಮಾರ್ತೇನೆ ಅಂದರೆ ಇದನ್ನೆಲ್ಲ ಬದಲಿಸಬೇಕು. ಬದಲಿಸುವ ಖರ್ಚಿನಲ್ಲೇ ಲಾಭ ಕರಗಿ ಹೋಗ್ತದೆ. ಹಾಗಾಗಿ ಎರಡು ಕಡೆ ಎರಡು ಬೆಲೆ ಆರಾಮಾಗಿ ಕೂತಿರ್ತದೆ.

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಮೊಯ್ದಿನಾಕ ಅದನ್ನು ಕಂಡರು. ಅವರ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು. ಅವರಿಗೆ ಅಮಲೇರಿದ ಹಾಗಾಯಿತು. ಟೈ ಬಿಚ್ಚಿ ಜೇಬಿಗೆ ತುರುಕಿದರು, ಜರ್ಮನ್ ಸರ್ ಮತ್ತು ಮೇಡಂ ಇಬ್ಬರನ್ನೂ ವೇದಿಕೆಗೆ ಕರೆದರು.

"ಈಗ ನಾನು ಡೀಲರ್," ಎಂದರು. "ಮೇಡಂ ಅಮೆರಿಕದ ಗಿರಾಕಿ. ಕಾರು ಯಾವಾಗ ಬೇಕು?"

"ಇವತ್ತೇ!" ಎಂದರು ಮೇಡಂ.

"ಸರ್ ಜರ್ಮನಿಯ ಗಿರಾಕಿ. ಯಾವ ಕಾರು ಬೇಕು?"

ಸರ್ ಗಂಭೀರವಾಗಿ ಯೋಚಿಸಿ, ಕಡುನೀಲಿ ಬಣ್ಣ, ಬಿಸಿಯಾಗುವ ಸೀಟು, ಮರದ ಡ್ಯಾಶ್‌ಬೋರ್ಡ್, ಆದರೆ ಸನ್‌ರೂಫ್ ಬೇಡ, ಎಂದರು. ಮಕ್ಕಳು ಗೊಳ್ಳೆಂದು ನಕ್ಕರು.

"ನೋಡಿದಿರಾ?" ಮೊಯ್ದಿನಾಕ ಕುಣಿಯುವುದೊಂದು ಬಾಕಿ. "ಸರ್ ಒಂದೊಂದು ಗುಂಡಿಯನ್ನೂ ಬೇರೆ ಬೇರೆ ಆರ್ಡರ್ ಮಾಡ್ತಾರೆ, ಒಂದೊಂದಕ್ಕೂ ಬೇರೆ ಬೆಲೆ. ನಾಲ್ಕು ತಿಂಗಳು ಕಾಯ್ತಾರೆ. ಆರ್ಡರ್ ಬಂದ ಮೇಲೆ ಫ್ಯಾಕ್ಟರಿ ಮಾಡ್ತದೆ, ಯಾರಿಗೂ ಅವಸರ ಇಲ್ಲ, ರೇಟು ಇಳಿಸುವ ಗರಜೂ ಇಲ್ಲ. ಅಮೆರಿಕದಲ್ಲಿ ಡೀಲರ್ ಮುನ್ನೂರು ಕಾರು ಬಿಸಿಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಸೀಟು, ಸನ್‌ರೂಫ್ ಎಲ್ಲ ಒಂದೇ ಪ್ಯಾಕೆಟ್. ಒಂದೊಂದು ದಿನ ನಿಂತರೂ ಅವನಿಗೆ ಬಡ್ಡಿ. ತಿಂಗಳ ಮೂವತ್ತನೇ ತಾರೀಕು, ಸಂಜೆ ಐದು ಗಂಟೆ, ಮ್ಯಾನೇಜರಿನ ಹಣೆಯಲ್ಲಿ ಬೆವರು. ಎದುರು ಅಂಗಡಿಯಲ್ಲಿ ಜಪಾನಿನವರು, ಕೊರಿಯಾದವರು ಇವನ ಗಿರಾಕಿಯನ್ನು ಕರೀತಾ ಇದ್ದಾರೆ. ಮೇಡಂ ಆಗ ಒಳಗೆ ಬಂದು, ಕೊಡ್ತೀಯಾ ಹೋಗ್ಲಾ ಅಂತಾರೆ!"

"ಹಾಗೆಯೇ ಮಾಡಿದ್ದೆ!" ಎಂದು ಮೇಡಂ ಕೂಗಿದರು. "ಮೂವತ್ತನೇ ತಾರೀಕೇ!"

ಹಾಲಿಗೆ ಹಾಲೇ ಚಪ್ಪಾಳೆ. ಮಾಲೀಕರು ಎದ್ದು ನಿಂತು ಅರಬಿಯಲ್ಲಿ ಏನೋ ಹೊಗಳಿದರು.

ಪ್ರಶ್ನೆಗಳು ಶುರುವಾದವು. ತೆರಿಗೆ ಕಳೆದ ಮೇಲೆ ಯುರೋಪಿನೊಳಗೇ ಎಲ್ಲ ಕಡೆ ಒಂದೇ ಬೆಲೆ ಇರಬೇಕಲ್ಲವೇ ಎಂದು ಒಬ್ಬಳು ಕತಾರಿ ಹುಡುಗಿ ಕೇಳಿದಳು. ಇಲ್ಲ ಎಂದರು ಮೊಯ್ದಿನಾಕ. ಡೆನ್ಮಾರ್ಕಿನಲ್ಲಿ ಸರ್ಕಾರವೇ ಕಾರಿನ ಮೇಲೆ ಬೆನ್ನು ಮುರಿಯುವಷ್ಟು ತೆರಿಗೆ ಹಾಕ್ತದೆ. ಕಂಪನಿಯೂ ತನ್ನ ಪೂರ್ತಿ ಬೆಲೆ ಹಾಕಿದರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ತೆರಿಗೆಗೆ ಮೊದಲಿನ ಬೆಲೆಯನ್ನು ಕಂಪನಿ ಅಲ್ಲಿ ತಗ್ಗಿಸ್ತದೆ. ಜನ ಎಷ್ಟು ಕೊಡ್ಲಿಕ್ಕೆ ತಯಾರಿದ್ದಾರೆ ಅಂತ ನೋಡಿ ಹಾಕುವ ಬೆಲೆ ಅದು. "ಬೆಲೆ ಗಾಡಿಯದ್ದಲ್ಲ ಮಗಳೇ, ಊರಿನದ್ದು."

ಇನ್ನೊಬ್ಬ, ಅಮೆರಿಕದ ಆಮದು ಸುಂಕ ಮುಂದಿನ ವರ್ಷ ಎಷ್ಟಾಗುತ್ತದೆ ಎಂದು ಕೇಳಿದ. "ಮಾಫಿ ಮಾಲೂಮ್," ಎಂದರು ಮೊಯ್ದಿನಾಕ, ಎರಡು ಕೈ ಮೇಲೆತ್ತಿ. "ಗೊತ್ತಿಲ್ಲ. ಗೊತ್ತಿರುವವರು ಸಿಕ್ಕಿದರೆ ನನ್ನ ಅಂಗಡಿಗೆ ಕಳಿಸಿ, ಟೀ ಕುಡಿಸ್ತೇನೆ."

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಹಾಗಾದರೆ ಮೋಸ ಮಾಡುವವರು ಯಾರು?

ಮೊಯ್ದಿನಾಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರು ಆ ಹಳೆಯ ಗಿರಾಕಿಯ ಕತೆ ಹೇಳಿದರು. ಕಾಗದ ಹಿಡಿದುಕೊಂಡು ಬಂದದ್ದು, ಕಳ್ಳ ಎಂದದ್ದು, ತಮಗೆ ಮಾತು ಬಾರದೆ ನಿಂತದ್ದು. "ಅವರು ಇವತ್ತು ಇಲ್ಲಿ ಇರಬೇಕಿತ್ತು," ಎಂದರು. "ಬೈಲಿಕ್ಕಲ್ಲ. ಕೂರಿಸಿ, ಈ ಎರಡು ದೀಪ ತೋರಿಸಿ, ನಿಧಾನಕ್ಕೆ ಹೇಳ್ತಿದ್ದೆ. ಪಾಪ, ಅವರಿಗೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ."

ಮಕ್ಕಳು ಎದ್ದು ನಿಂತರು. ಜರ್ಮನ್ ಸರ್ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ನಶೀದಾ ವಿಡಿಯೋ ಮಾಡುತ್ತಿದ್ದವಳು ಫೋನನ್ನು ಕೆಳಮುಖವಾಗಿ ಹಿಡಿದಿದ್ದಳು. ಕೊನೆಯ ಐದು ನಿಮಿಷ ಪೂರಾ ನೆಲದ ಕಾರ್ಪೆಟ್ಟೇ ಬಂದಿದೆ.

ವಾಪಸು ಬರುವಾಗ ಕಾರಿನೊಳಗೆ ಮದುವೆ ದಿಬ್ಬಣದ ಗದ್ದಲ. ಮೊಯ್ದಿನಾಕ ಮುಂದಿನ ಸೀಟಿನಲ್ಲಿ ಕೂತು ಇಡೀ ಭಾಷಣವನ್ನು ನಮಗೇ ಇನ್ನೊಮ್ಮೆ ಹೇಳಿದರು. ಮೇಡಂ ಕೂಗಿದ್ದನ್ನು ಮೂರು ಸಲ ನಟಿಸಿ ತೋರಿಸಿದರು. ಸಾರಮ್ಮ ಹಿಂದಿನಿಂದ ತಪ್ಪು ತಿದ್ದುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಆಕೆ ಇದ್ದಕ್ಕಿದ್ದಂತೆ ಹೇಳಿದರು, "ಎಲ್ಲ ಸರಿ. ನಮಗೊಂದು ಕಾರು ಯಾವಾಗ?"

ನನಗೂ ಆಗಲೇ ಹೊಳೆದದ್ದು. ಅಂಗಡಿಯ ಪಿಕಪ್ ಓಡಿಸುವ ಲೈಸೆನ್ಸ್ ಅವರ ಹತ್ತಿರ ಇತ್ತು, ಉಳಿತಾಯವೂ ಇತ್ತು, ಆದರೂ ಇಷ್ಟು ವರ್ಷ ಅವರು ಸ್ವಂತ ಕಾರು ಕೊಂಡಿರಲಿಲ್ಲ. ಮೆಟ್ರೋ, ಇಲ್ಲದಿದ್ದರೆ ಕಂಪನಿ ಬಸ್ಸು.

"ಹೇಗೆ ಕೊಳ್ಳುವುದು ಹೇಳು," ಎಂದರು ಮೊಯ್ದಿನಾಕ ಸಣ್ಣ ಸ್ವರದಲ್ಲಿ. "ಯಾವ ಗಾಡಿ ನೋಡಿದರೂ ಅದು ಬೇರೆ ಎಲ್ಲಿ ಎಷ್ಟಕ್ಕೆ ಸಿಗ್ತದೆ ಅಂತ ನನಗೆ ಗೊತ್ತುಂಟಲ್ಲ. ಕೈ ಬರುವುದಿಲ್ಲ."

"ಊರಿನ ಬೆಲೆ ಅಂತ ಈಗಷ್ಟೇ ಮೈಕಿನಲ್ಲಿ ಹೇಳಿದಿರಿ," ಎಂದರು ಸಾರಮ್ಮ. "ನಾವು ಇರುವುದು ಯಾವ ಊರಿನಲ್ಲಿ?"

ನಶೀದಾ ನಗು ತಡೆಯಲಾರದೆ ನನ್ನ ಸೀಟಿಗೆ ಒದ್ದಳು.

ಮೂರೇ ದಿನ. ಶನಿವಾರ ಬೆಳಿಗ್ಗೆ ಮದೀನತ್ ಖಲೀಫಾದಲ್ಲಿ ಒಂದು ಕಾರು ನೋಡಲು ಹೋದೆವು. ಮಾರುವವರು ಲೊರ್ನಾ ಎಂಬ ನರ್ಸ್, ಶಿರ್ವದವರು, ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿ ಹೊರಟು ನಿಂತಿದ್ದರು. ಇಲ್ಲಿಯೇ ಶೋರೂಮಿನಿಂದ ಇಳಿದ ಬೆಳ್ಳಿ ಬಣ್ಣದ ಸಣ್ಣ ಜಪಾನಿ ಕಾರು. ಮೊಯ್ದಿನಾಕ ಸುತ್ತು ಬಂದರು, ಬಾನೆಟ್ ಎತ್ತಿದರು, ರೇಡಿಯೇಟರ್ ಮುಟ್ಟಿದರು. ಲೊರ್ನಾ ಬೆಲೆ ಹೇಳಿದರು. ಎರಡು ಸಾವಿರ ರಿಯಾಲ್ ಹೆಚ್ಚೇ ಹೇಳಿದ್ದರು, ಅದು ನನಗೂ ಗೊತ್ತಾಯಿತು. ಚೌಕಾಸಿಗೆ ಜಾಗ ಇಟ್ಟುಕೊಂಡಿದ್ದರು, ಎಲ್ಲರೂ ಇಡುವ ಹಾಗೆ. ನಾನು ಮೊಯ್ದಿನಾಕರ ಮುಖ ನೋಡಿದೆ.

"ಆಗ್ಬಹುದು," ಎಂದರು ಅವರು.

ಲೊರ್ನಾ ಕಕ್ಕಾಬಿಕ್ಕಿ. "ಅಂಕಲ್, ಸ್ವಲ್ಪ ಕಡಿಮೆ ಮಾಡ್ತಿದ್ದೆ ನಾನು."

"ಬೇಡ ಮಗಾ. ನೀವು ಐರ್ಲೆಂಡಿಗೆ ಹೋಗಿ ಅಲ್ಲೊಂದು ಕಾರು ತಗೊಳ್ಬೇಕಲ್ಲ. ಅಲ್ಲಿಯ ಟ್ಯಾಕ್ಸ್ ನನಗೆ ಗೊತ್ತುಂಟು. ಇದು ಅದಕ್ಕೆ ಇರ್ಲಿ." ಆಮೇಲೆ ಮುಕ್ಕಾಲು ಗಂಟೆ ಐರ್ಲೆಂಡಿನಲ್ಲಿ ಯಾವ ಇಂಜಿನಿನ ಗಾಡಿ ತಗೊಂಡರೆ ತೆರಿಗೆ ಕಡಿಮೆ ಬೀಳುತ್ತದೆ ಎಂದು ಆಕೆಗೆ ವಿವರಿಸಿದರು. ಲೊರ್ನಾ ಟೀ ಮಾಡಿ ತಂದು, ನೆಲದ ಮೇಲೆ ಕಟ್ಟಿಟ್ಟ ಸೂಟ್‌ಕೇಸಿನ ಮೇಲೆ ಕೂತು, ಬಾಯಿ ಬಿಟ್ಟುಕೊಂಡು ಕೇಳಿದರು.

ಕಾಗದಪತ್ರ ಮುಗಿದ ಸಂಜೆ ಮೊಯ್ದಿನಾಕ ನನ್ನನ್ನೂ ಹತ್ತಿಸಿಕೊಂಡರು. ಸಾರಮ್ಮ ಮುಂದೆ, ನಾನು ಮತ್ತು ನಶೀದಾ ಹಿಂದೆ. ಅಲ್ ವಕ್ರಾದ ಕಡೆ ಹೊರಟೆವು, ಗಂಟೆಗೆ ನಲವತ್ತರ ವೇಗದಲ್ಲಿ. ಹಿಂದಿನ ಲ್ಯಾಂಡ್ ಕ್ರೂಸರ್‌ಗಳು ಹಾರ್ನ್ ಹಾಕಿ, ಲೈಟ್ ಮಿನುಗಿಸಿ, ಎರಡೂ ಬದಿಯಿಂದ ದಾಟಿ ಹೋದವು. ಮೊಯ್ದಿನಾಕರಿಗೆ ಯಾವುದೂ ಕೇಳಿಸಲಿಲ್ಲ. ಒಂದು ದೊಡ್ಡ ರೌಂಡ್‌ಅಬೌಟ್ ಬಂತು. ನಡುವೆ ಹುಲ್ಲು, ಪೆಟೂನಿಯಾ ಹೂ, ಖರ್ಜೂರದ ಮರ. ಮೊಯ್ದಿನಾಕ ಒಳಗಿನ ಲೇನಿಗೆ ಹೋಗಿಬಿಟ್ಟರು, ಹೊರಗೆ ಬರಲು ಜಾಗ ಸಿಗಲಿಲ್ಲ, ಒಂದು ಸುತ್ತು ಪೂರಾ ಆಯಿತು. ಎರಡನೇ ಸಲವೂ ಹಾಗೆಯೇ ಆಯಿತು. ಸಾರಮ್ಮ ಕಿಟಕಿ ಇಳಿಸಿ ಹೊರಗೆ ನೋಡುತ್ತಿದ್ದರು, ಗಾಳಿಗೆ ತಲೆವಸ್ತ್ರ ಪಟಪಟ ಎನ್ನುತ್ತಿತ್ತು.

ಮೂರನೇ ಸುತ್ತಿನಲ್ಲಿ ಹೊರಗಿನ ಲೇನ್ ಪೂರ್ತಿ ಖಾಲಿ ಇತ್ತು. ಮೊಯ್ದಿನಾಕ ಇಂಡಿಕೇಟರ್ ಹಾಕಿದರು.

"ಈಗ ಬೇಡ," ಎಂದರು ಸಾರಮ್ಮ. "ಇನ್ನೊಂದು ಸುತ್ತು ಹೋಗುವ."